ಮನೆಲೆಕ್ಕ ಸಾಸಮೆ ಡಬ್ಬಿಂದ ಸುರು ಅಪ್ಪದಲ್ಲ

ಅಕ್ಕಂದ್ರೇ, ಅತ್ತೆಕ್ಕಳೇ, ಐವತ್ತು ಕಳುದ ಹೆಮ್ಮಕ್ಕೊ ಮನೆಯ ಲೆಕ್ಕ ಬರವಲೆ ಹೆರಟವು ಹೇಳಿ ಆದರೆ ಎಲ್ಲೋರೂ ಕೊಡುದು ಒಂದೇ ಬುದ್ಧಿ. "ಕಾಪಿಹೊಡಿ ಎಷ್ಟಾವುತ್ತು, ಸಕ್ಕರೆ ಎಷ್ಟಾವುತ್ತು, ಟೊಮೆಟೊಗೆ ಎಷ್ಟು ಕೊಟ್ಟೆ, ಎಲ್ಲ ಬರೆ. ಎಲ್ಲಿ ಉಳುಶುಲೆ ಎಡಿಗು ನೋಡು." ಪೇಪರಿಲ್ಲಿಯೂ ಹಾಂಗೇ ಬತ್ತು, ಟೀವಿಲಿಯೂ ಹಾಂಗೇ ಹೇಳ್ತವು. ಆನು ಇದರ ಒಪ್ಪುತ್ತಿಲ್ಲೆ. ಅಡಿಗೆ ಒಳಾಣ ಖರ್ಚು ನಾವು ಬರೆಯದ್ದರೂ ನವಗೆ ಗೊಂತಿದ್ದು. ಕಾಯಿ ಕೆರವಗ ಇನ್ನೊಂದು ಕಡಿ ಬೇಕೋ ಬೇಡದೋ ಹೇಳಿ ಪ್ರತಿ ದಿನ ಗ್ರೇಶುವೋರು ನಾವು. ಸಾಸಮೆ ಡಬ್ಬಿಲಿ ಹತ್ತು ಇಪ್ಪತ್ತು ಹುಗ್ಗುಸಿ ಮಡುಗಿದೋರುದೇ ನಾವೇ. ನವಗೆ ಗೊಂತಿಲ್ಲದ್ದದು ಚಾವಡಿಯ ಲೆಕ್ಕ. ಬರೆಯೆಕ್ಕಾದ್ದು ಅದರ.

ಮಗಳು ಬೆಂಗ್ಳೂರಿಂದ ಎನಗೊಂದು ಸೂತ್ರ ಕಳುಸಿತ್ತು: ಸಂಬಳಲ್ಲಿ ನೂರಕ್ಕೆ 50 ಅಗತ್ಯಕ್ಕೆ, 30 ಆಶೆಗೆ, 20 ಉಳಿತಾಯಕ್ಕೆ. ಅಮೆರಿಕಲ್ಲಿ ಎಲಿಜಬೆತ್ ವಾರನ್ ಹೇಳ್ತ ಹೆಮ್ಮಕ್ಕೊ ಮಗಳೊಟ್ಟಿಂಗೆ ಸೇರಿ 2005ರಲ್ಲಿ ಬರದ ಪುಸ್ತಕಂದ ಅದು ಹೆಸರಾದ್ದಡ. ತಿಂಗಳು ತಿಂಗಳು ಸಂಬಳ ಬಪ್ಪೋರಿಂಗೆ ಒಳ್ಳೆದೇ. ಲಾಯಿಲ ಬೆಳ್ತಂಗಡಿ ಪೇಟೆಯ ಹತ್ತರೆಯೇ ಇಪ್ಪ ಕಾರಣ ಹಾಂಗಿಪ್ಪ ಮನೆಗಳೂ ಇಲ್ಲಿ ಇದ್ದು. ಆದರೆ ಇದರ ಓದುವ ನಿಂಗಳಲ್ಲಿ ಹೆಚ್ಚಿನೋರದ್ದು ಅಡಕ್ಕೆಯ ಮನೆ. ಅಡಕ್ಕೆಯ ಮನೆಲಿ ನೂರಕ್ಕೆ 50 ಹೇಳಿರೆ ಯೇವ ನೂರರ 50?

ನವೆಂಬರ ಹತ್ತರಂದ ಮಾರ್ಚಿ ಒರೆಂಗೆ ಮೂರು ನಾಲ್ಕು ಕೊಯ್ಲು. ಜಾಲಿಲ್ಲಿ ಒಣಗುಲೆ ಒಂದೂವರೆ ತಿಂಗಳು. ಮತ್ತೆ ಸೊಲಿಯೆಕ್ಕು, ಪಟೋರ, ಕರಿಗೋಟು ಹೇಳಿ ಹೆರ್ಕಿ ಬೇರೆ ಮಾಡೆಕ್ಕು. ಸೊಂಟ ಬೇನೆ ನಮ್ಮದು, ಅದಿರಳಿ. ಮತ್ತೆ ರೇಟು ನೋಡಿ ಕ್ಯಾಂಪ್ಕೋಗೋ ಪೇಟೆಯ ಅಂಗಡಿಗೋ ಕೊಡುದು. ವರ್ಷಲ್ಲಿ ಎರಡೋ ಮೂರೋ ಸರ್ತಿ ಪೈಸೆಯ ಮೋರೆ ಕಾಂಬದು. ಖರ್ಚು ಹಾಂಗಲ್ಲ, ಮಳೆಗಾಲಲ್ಲಿ ಒಟ್ಟಿಂಗೆ ಬಂದು ಬೀಳ್ತು. ಮಕ್ಕಳ ಫೀಸು, ಗೊಬ್ಬರ, ಕೊಳೆರೋಗಕ್ಕೆ ಮದ್ದು. 100 ಲೀಟರು ನೀರಿಂಗೆ ಒಂದು ಕಿಲ ಮೈಲುತುತ್ತು, ಒಂದು ಕಿಲ ಸುಣ್ಣ ಹೇಳಿ ಎಲ್ಲೋರಿಂಗೂ ಬಾಯಿಪಾಠ ಇದ್ದು. ಮೈಲುತುತ್ತಿಂಗೆ ಕಳುದ ವರ್ಷ ಒಟ್ಟು ಎಷ್ಟು ಹೋತು ಕೇಳಿರೆ ಆರೂ ಹೇಳವು. ಮಳೆ ಬಿಡದ್ದರೆ ಮೂರನೆ ಸರ್ತಿ ಮದ್ದು, ಮರ ಹತ್ತುವೋನ ಸಂಬಳ. ಅದರ ಎಡೆಲಿ ಚೌತಿ.

ಅಂಬಗ ಎಂತಾವುತ್ತು? ಆಟಿಲಿ ಪೈಸೆ ಬೇಕಾತು ಹೇಳಿ ಅಟ್ಟಲ್ಲಿಪ್ಪ ಅಡಕ್ಕೆಯ ಸಿಕ್ಕಿದ ರೇಟಿಂಗೆ ಕೊಡುದು. ಹಳತ್ತು ಮಾಡಿ ಮಡುಗಿರೆ ಹೆಚ್ಚು ಸಿಕ್ಕುಗು ಹೇಳಿ ಮಕ್ಕೊಗೂ ಗೊಂತಿದ್ದು. ಆದರೆ ಮಡುಗುಲೆ ಎಡಿವದು ಮಳೆಗಾಲದ ಖರ್ಚಿನ ಮದಲೇ ಲೆಕ್ಕ ಹಾಕಿ ಪೈಸೆ ತೆಗದು ಮಡುಗಿದೋರಿಂಗೆ ಮಾಂತ್ರ. ಕಿಲಕ್ಕೆ 20 ರೂಪಾಯಿ ಕಮ್ಮಿ ಸಿಕ್ಕಿತ್ತು ಹೇಳಿರೆ ಒಂದು ಕ್ವಿಂಟಾಲಿಲ್ಲಿ 2000 ರೂಪಾಯಿ ಹೋತು. ಅಷ್ಟರ ಕಾಪಿಹೊಡಿಲಿ ಉಳುಶೆಕ್ಕಾರೆ ಎಷ್ಟು ತಿಂಗಳು ಕಾಪಿ ಕುಡಿಯದ್ದೆ ಕೂರೆಕ್ಕು, ನಿಂಗಳೇ ಹೇಳಿ.

ಹಾಂಗಾಗಿ ನಮ್ಮ ಬಜೆಟು ತಿಂಗಳಿಂದಲ್ಲ, ವರ್ಷದ್ದು. ವಿಷುವಿಂದ ವಿಷುವಿಂಗೆ. ಒಂದು ಪುಸ್ತಕಲ್ಲಿ ಹನ್ನೆರಡು ಪುಟ, ತಿಂಗಳಿಂಗೊಂದು. ಕಳುದ ವರ್ಷದ ರಶೀದಿಗೊ ಎಲ್ಲಿ ಇರ್ತು ನವಗೆ ಗೊಂತಿಲ್ಲೆಯೋ? ಕೆಲೆಂಡರಿನ ಹಿಂದೆ, ಗೋಡೆಯ ಆಣಿಲಿ ಚುಚ್ಚಿದ್ದು, ದೇವರ ಪಟದ ಕರೆಲಿ. ಅದರ ಒಟ್ಟು ಮಾಡಿ ಆಯಾ ತಿಂಗಳ ಪುಟಲ್ಲಿ ಹಾಕಿರೆ ಅರ್ಧ ಬಜೆಟು ಆತು. ಜೆಂಬ್ರಂಗಳ ಖರ್ಚುದೇ ಬರೆಯೆಕ್ಕು, ಮದುವೆ, ಉಪ್ನಾನ, ಪೂಜೆ, ಉಡುಗೊರೆ, ಕಾರಿನ ಪೆಟ್ರೋಲು. ಅಪ್ಪು, ನಮ್ಮ ಪಟ್ಟೆಸೀರೆಯೂ ಅದರಲ್ಲೇ ಬತ್ತು. ಬರಳಿ. ಚಾವಡಿಯ ಲೆಕ್ಕ ಕೇಳುವೋರು ಕಪಾಟಿನ ಬಾಗಿಲು ಹಾಕಿ ಕೂಪಲಾಗ.

"ಅದೆಲ್ಲ ಇವು ನೋಡಿಗೊಳ್ತವು, ನವಗೆಂತಕೆ ತಲೆಬೆಶಿ" ಹೇಳುವ ಅಕ್ಕಂದ್ರೇ ಹೆಚ್ಚು. ಎನಗೆ ಗೊಂತಿಪ್ಪ ಒಂದು ಮನೆಲಿ ಎಜಮಾನ್ರಿಂಗೆ ಇದ್ದಕ್ಕಿದ್ದ ಹಾಂಗೆ ಪಕ್ಷವಾತ ಆತು. ಮಾತು ಹೋತು. ಸೊಸೈಟಿಲಿ ಬೆಳೆಸಾಲ ಇತ್ತು. ನಮ್ಮ ರಾಜ್ಯಲ್ಲಿ ಆ ಸಾಲಕ್ಕೆ ಬಡ್ಡಿ ಇಲ್ಲೆ. 2023ರ ಬಜೆಟಿಲ್ಲಿ ಅದರ ಮಿತಿಯ 3 ಲಕ್ಷಂದ 5 ಲಕ್ಷಕ್ಕೆ ಏರುಸಿದವು. ಆದರೆ ಬಡ್ಡಿ ಇಲ್ಲದ್ದು ವಾಯಿದೆಯ ಒಳ ಕಟ್ಟಿರೆ ಮಾಂತ್ರ. ಆ ಅಕ್ಕಂಗೆ ವಾಯಿದೆ ಯೇವಗ ಹೇಳಿ ಇರಳಿ, ಸಾಲ ಇಪ್ಪದೇ ಗೊಂತಿಲ್ಲೆ. ಆಸ್ಪತ್ರೆ, ಮನೆ ಹೇಳಿ ಓಡಿಗೊಂಡಿಪ್ಪಗ ನೋಟೀಸು ಬಂತು. ಅಷ್ಟಪ್ಪಗ ಬಡ್ಡಿಯೂ ಸೇರಿತ್ತು. ಅಟ್ಟಲ್ಲಿ ಅಡಕ್ಕೆ ಇತ್ತು, ಬ್ಯಾಂಕಿಲ್ಲಿ ಡಿಪೋಸಿಟೂ ಇತ್ತು. ಎಲ್ಲ ಇದ್ದೊಂಡು ಕೈ ಕಟ್ಟಿದ ಹಾಂಗೆ ಆತು. ಆ ಅಕ್ಕ ಮೂವತ್ತು ವರ್ಷ ಒಂದು ಬೆಂಕಿಕಡ್ಡಿಯನ್ನೂ ಹಾಳು ಮಾಡಿದ್ದಿಲ್ಲೆ.

ಗೊಂತಾದರೆ ತಲೆಬೆಶಿ ಹೇಳುವ ಗೆಂಡುಮಕ್ಕೊ ಗೊಂತಿಲ್ಲದ್ದೆ ಇಪ್ಪ ತಲೆಬೆಶಿಯ ಕಂಡಿದವಿಲ್ಲೆ. ಪುಸ್ತಕದ ಮದಲಾಣ ಪುಟಲ್ಲಿ ಇದರನ್ನೇ ಬರೆಯಿ: ಯೇವ ಸೊಸೈಟಿಲಿ ಎಷ್ಟು ಸಾಲ, ವಾಯಿದೆ ಯೇವಗ, ಡಿಪೋಸಿಟು ಎಲ್ಲೆಲ್ಲಿ, ನಾಮಿನಿ ಆರು, ವಿಮೆಯ ಕಂತು ಯೇವ ತಿಂಗಳಿಲ್ಲಿ.

ಇನ್ನು "ನಿನಗೆಂತ ಸಂಪಾದನೆ ಇದ್ದು ಲೆಕ್ಕ ಕೇಳುಲೆ" ಹೇಳುವೋರಿಂಗೆ. 2021ರ ಜನವರಿಲಿ ಸುಪ್ರೀಂ ಕೋರ್ಟು, ಅಪಘಾತಲ್ಲಿ ತೀರಿಹೋದ ಗೃಹಿಣಿಯ ಮನೆಕೆಲಸಕ್ಕೂ ಕ್ರಯ ಕಟ್ಟಿ ಪರಿಹಾರ ಕೊಡೆಕ್ಕು ಹೇಳಿ ತೀರ್ಪು ಕೊಟ್ಟತ್ತು. ಆ ತೀರ್ಪಿಲ್ಲಿ 2019ರ ಸರಕಾರಿ ಸಮೀಕ್ಷೆಯ ಲೆಕ್ಕವೂ ಇದ್ದು. ಸಂಬಳ ಇಲ್ಲದ್ದ ಮನೆಕೆಲಸಕ್ಕೆ ಹೆಮ್ಮಕ್ಕೊ ದಿನಕ್ಕೆ 299 ನಿಮಿಷ ಕೊಡ್ತವು, ಗೆಂಡುಮಕ್ಕೊ 97 ನಿಮಿಷ. ಹೆಚ್ಚುಕಮ್ಮಿ ಐದು ಗಂಟೆ. ಲಾರಿಯ ಅಡಿಗೆ ಬಿದ್ದ ಮತ್ತೆ ಕೋರ್ಟು ಕಟ್ಟುವ ಕ್ರಯವ ಜೀವ ಇಪ್ಪಗ ಮನೆಯೋರು ಕಟ್ಟುಲಾಗದೋ? ಗೃಹಲಕ್ಷ್ಮಿಯ 2000 ರೂಪಾಯಿ 2023ರ ಆಗಸ್ಟಿಂದ ಬತ್ತಾ ಇಪ್ಪದು ರೇಶನ್ ಕಾರ್ಡಿನ ಯಜಮಾನಿಗೆ. ಸರಕಾರ ಯಜಮಾನಿ ಹೇಳಿ ಬರಕ್ಕೊಂಡಾತು. ಚಾವಡಿಯ ಕಪಾಟಿನ ಬೀಗದಕೈ ಆರತ್ರೆ ಇದ್ದು?

ಲೆಕ್ಕ ಬತ್ತಿಲ್ಲೆ ಹೇಳುದು ಶುದ್ಧ ಲೊಟ್ಟೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ 1982ರಲ್ಲಿ ಸುರುವಾದ್ದು ನಮ್ಮ ತಾಲೂಕಿಲ್ಲೇ. ವಾರ ವಾರ ಸಂಘಕ್ಕೆ ಹೋಗಿ ಕೂದು ಉಳಿತಾಯ ಎಷ್ಟು, ಕಂತು ಎಷ್ಟು, ಆರದ್ದು ಬಾಕಿ ಹೇಳಿ ಬಾಯಿಲೇ ಹೇಳುವ ಹೆಮ್ಮಕ್ಕೊ ನೆರೆಕರೆಲಿ ಎಷ್ಟು ಜೆನ ಇದ್ದವು! ಏಳನೆ ಕ್ಲಾಸು ಕಲ್ತೋರುದೇ ಪುಸ್ತಕ ನೋಡ್ತವು. ಸಂಘದ ಲೆಕ್ಕ ನೋಡುಲೆ ಎಡಿವೋರಿಂಗೆ ಸ್ವಂತ ಮನೆದು ಎಡಿಯದೋ? ಎಡಿಗು. ಕೇಳುಲೆ ದಾಕ್ಷಿಣ್ಯ ಅಷ್ಟೇ. ಸಂಘಲ್ಲಿ ಕೇಳಿರೆ ಅದು ಲೆಕ್ಕ, ಮನೆಲಿ ಕೇಳಿರೆ ಗೆಂಡನ ಮೇಲೆ ಸಂಶಯ ಮಾಡಿದ ಹಾಂಗೆ ಕಾಣ್ತು. ಈ ಕಾಂಬದರ ನಾವೇ ಬಿಡೆಕ್ಕು, ಅವಾಗಿ ಬಿಡುಸವು.

ತಡ ಆತು ಹೇಳುದು ಸರಿಯೇ, ಆನು ಅಲ್ಲ ಹೇಳ್ತಿಲ್ಲೆ. ಅಟಲ್ ಪೆನ್ಶನಿಂಗೆ ಸೇರುಲೆ 40 ದಾಂಟುಲಾಗ. ಜೀವನಜ್ಯೋತಿ ವಿಮೆಗೆ 50. ಆ ಎರಡು ಬಾಗಿಲು ಹಾಕಿ ಆಯಿದು. ತಡ ಆದ ಕಾರಣವೇ ಅಂಬೆರ್ಪು ಮಾಡೆಕ್ಕು. ಸುರಕ್ಷಾ ವಿಮೆ 70 ವರ್ಷ ಒರೆಂಗೆ ಇದ್ದು, ವರ್ಷಕ್ಕೆ 20 ರೂಪಾಯಿ, ಅಪಘಾತಲ್ಲಿ ಜೀವ ಹೋದರೆ 2 ಲಕ್ಷ. ಪೋಸ್ಟಾಫೀಸಿಲ್ಲಿ ತಿಂಗಳಿಂಗೆ 100 ರೂಪಾಯಿಂದ ಆರ್‌ಡಿ ಕಟ್ಲಕ್ಕು, 5 ವರ್ಷಕ್ಕೆ. ಈಗ ಸುರು ಮಾಡಿರೆ ಅದು ಮುಗಿವಗ ಕೆಲವು ಜೆನಕ್ಕೆ 60 ಅಕ್ಕು. ಅಂಬಗ ಹಿರಿಯ ನಾಗರಿಕರ ಯೋಜನೆಲಿ ಹಾಕಿರೆ ಮೂರು ತಿಂಗಳಿಂಗೊಂದರಿ ಬಡ್ಡಿ ಕೈಗೆ ಬತ್ತು. ಸರಕಾರಿ ಬಸ್ಸಿಲ್ಲಿ ಟಿಕೇಟು ಇಲ್ಲದ್ದೆ ಉಳುದ ಪೈಸೆ ಇದ್ದಲ್ಲದಾ, ಅದು ತೆಗದು ಮಡುಗಿರೆ ಉಳಿತಾಯ. ಪೇಟೆಲಿ ಗೋಳಿಬಜೆ ತಿಂದರೆ ಗೋಳಿಬಜೆ. ತಿಂಬಲಾಗ ಹೇಳಿ ಅಲ್ಲ, ಅದರ ಉಳಿತಾಯ ಹೇಳೆಡಿ.

ಪುಸ್ತಕ ತಪ್ಪಲೆ ವಿಷು ಬಪ್ಪಲೆ ಕಾಯೆಡಿ. ಇನ್ನಾಣ ಸರ್ತಿ ಅಡಕ್ಕೆ ಕೊಡುಲೆ ಹೋಪಗ ಎಜಮಾನ್ರತ್ರೆ ತೂಕದ ಚೀಟಿ ತಪ್ಪಲೆ ಹೇಳಿ. ಕಿಲ ಎಷ್ಟು, ರೇಟು ಎಷ್ಟು, ಕೈಗೆ ಬಂದದು ಎಷ್ಟು, ಆ ಮೂರು ಗೆರೆ ಆದ ಮತ್ತೆ ಕಾಪಿಹೊಡಿಯ ಲೆಕ್ಕ ಬರದರೂ ಅಕ್ಕು, ಬಿಟ್ಟರೂ ಅಕ್ಕು. ಚೀಟಿ ಪೇಟೆಂದ ಬಪ್ಪದು ಅಂಗಿಯ ಕಿಸೆಲಿ. ಅಂಗಿಯ ತೊಳವಲೆ ಹಾಕುವ ಮದಲು ನೋಡಿಗೊಳ್ಳಿ.