ಬಿಟ್ಟಿ ಊಟ ಯಾರದ್ದು?

ಮೊನ್ನೆ ಆಫೀಸ್ ಕ್ಯಾಂಟೀನಿನಲ್ಲಿ ಪಕ್ಕದ ಟೀಮಿನವನೊಬ್ಬ ಅಂದ: "ಊಟದ ಆಸೆಗೆ ಬರ್ತಾವೆ ಗುರು, ಓದೋಕಲ್ಲ. ಬಿಟ್ಟಿ ಊಟ ಹಾಕಿ ಹಾಕಿ ಸರ್ಕಾರಿ ಶಾಲೇನ ಛತ್ರ ಮಾಡಿಟ್ಟವ್ರೆ." ಅವನ ತಟ್ಟೆಯಲ್ಲಿ ಚಪಾತಿ, ಪನ್ನೀರು, ಎರಡು ಜಾಮೂನು. ಎಲ್ಲಾ ಕಂಪನಿ ಪುಕ್ಕಟೆ ಕೊಟ್ಟಿದ್ದು. ಅದಕ್ಕೆ ನಮ್ಮಲ್ಲಿ ಬೆನಿಫಿಟ್ ಅಂತ ಹೆಸರು.

ಊಟದ ಆಸೆಗೇ ಬರಲಿ, ಏನೀಗ? 1956ರಲ್ಲಿ ಕಾಮರಾಜರು ಮದ್ರಾಸ್ ರಾಜ್ಯದ ಶಾಲೆಗಳಲ್ಲಿ ಊಟ ಶುರು ಮಾಡಿದ್ದೇ ಹಸಿದ ಮಕ್ಕಳು ಶಾಲೆಗೆ ಬರಲಿ ಅಂತ. ದೆಹಲಿಗೆ ಎಚ್ಚರ ಆಗೋಕೆ 1995 ಬರಬೇಕಾಯ್ತು. ಆಗಲೂ ಬಹಳಷ್ಟು ರಾಜ್ಯಗಳು ಅಡುಗೆ ಮಾಡಿ ಬಡಿಸಲಿಲ್ಲ, ಶೇ. 80 ಹಾಜರಾತಿ ಇದ್ದವರಿಗೆ ತಿಂಗಳಿಗೆ ಮೂರು ಕೆ.ಜಿ. ಧಾನ್ಯ ಕೊಟ್ಟು ಕೈತೊಳೆದುಕೊಂಡವು.

ನಾನು ಆ ಅಕ್ಕಿ ಬ್ಯಾಚಿನವನು. ಟವೆಲ್ಲಿನಲ್ಲಿ ಗಂಟು ಕಟ್ಕೊಂಡು ತರ್ತಿದ್ದೆ. ನಮ್ಮದು ಮುದ್ದೆ ಉಣ್ಣೋ ಮನೆ. ಅವ್ವ ಆ ಅಕ್ಕೀನ ಹಬ್ಬಕ್ಕೆ, ನೆಂಟರಿಗೆ ಅಂತ ಎತ್ತಿಡ್ತಿದ್ದಳು. ನೆಂಟರು ಉಂಡು ಹೋಗೋರು. ಶಾಲೆಯಲ್ಲಿ ಮಧ್ಯಾಹ್ನ ನಾವು ಬೋರ್‌ವೆಲ್ ನೀರು ಕುಡಿದು ಕೂರ್ತಿದ್ವಿ. ಮೂರನೇ ಪೀರಿಯಡ್ಡಿನಿಂದಾಚೆಗೆ ಮೇಷ್ಟ್ರು ಏನು ಹೇಳಿಕೊಟ್ಟರೋ ದೇವರಿಗೇ ಗೊತ್ತು.

ಗೋದಾಮಿನಲ್ಲಿ ಧಾನ್ಯ ಕೊಳೀತಿರುವಾಗ ಜನ ಹಸಿದಿರೋದು ಯಾಕೆ ಅಂತ ಕೆಲವರು ಕೋರ್ಟಿಗೆ ಹೋದರು. 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟು ಧಾನ್ಯ ಸಾಲದು, ಬೇಯಿಸಿದ ಊಟವನ್ನೇ ಕೊಡಿ, ವರ್ಷಕ್ಕೆ ಕನಿಷ್ಠ 200 ದಿನ ಕೊಡಿ ಅಂತ ಎಲ್ಲ ರಾಜ್ಯಗಳಿಗೂ ಆದೇಶ ಮಾಡಿತು. ಅಂದರೆ ಇದು ಯಾವ ಸರ್ಕಾರದ ಧರ್ಮವೂ ಅಲ್ಲ. 2002ರಲ್ಲಿ ಈಶಾನ್ಯ ಕರ್ನಾಟಕದಲ್ಲಿ ಅಕ್ಷರ ದಾಸೋಹ ಶುರುವಾಗಿ ಮಾರನೇ ವರ್ಷ ನಮ್ಮ ಕಡೆಗೂ ಬಂತು. ನಾನಾಗಲೇ ಹೈಸ್ಕೂಲು, ತಂಗಿ ಬಿಸಿ ಅನ್ನ ಸಾರು ಉಂಡಳು. ಎಲ್ಲ ಜಾತಿಯ ಮಕ್ಕಳ ಜೊತೆ ಒಂದೇ ಸಾಲಿನಲ್ಲಿ ಕೂತು ಉಂಡಳು. ಊರಲ್ಲಿ ಕೆಲವರಿಗೆ ನುಂಗಲಾರದ ತುತ್ತಾಗಿದ್ದು ಅದೇ.

ಈ ಯೋಜನೆಯಲ್ಲಿ ಬಿಟ್ಟಿ ಹುಡುಕಲೇಬೇಕಾ? ಅಡುಗೆಮನೆಗೆ ಹೋಗಿ. ಅಡುಗೆಯವರ ಗೌರವಧನ ತಿಂಗಳಿಗೆ ಒಂದು ಸಾವಿರ ಅಂತ ಕೇಂದ್ರ ನಿಗದಿ ಮಾಡಿದ್ದು 2009ರಲ್ಲಿ. ಅದೂ ವರ್ಷಕ್ಕೆ ಹತ್ತೇ ತಿಂಗಳು. ಅದರಲ್ಲಿ ಕೇಂದ್ರದ ಪಾಲು 600 ರೂಪಾಯಿ. ಆಮೇಲೆ ರಾಜ್ಯಗಳು ತಮ್ಮ ಕೈಯಿಂದ ಅಷ್ಟಿಷ್ಟು ಸೇರಿಸಿವೆ; ಕೇಂದ್ರದ 600 ಅಲ್ಲೇ ಕೂತಿದೆ. ಸಂಬಳ ಅನ್ನದೆ ಗೌರವಧನ ಅನ್ನೋದೂ ಕನಿಷ್ಠ ಕೂಲಿ ಕೊಡದಿರೋಕೆ ಹೂಡಿದ ಆಟ. ಅಪ್ರೈಸಲ್‌ನಲ್ಲಿ ಎರಡು ಪರ್ಸೆಂಟ್ ಕಮ್ಮಿ ಆದ್ರೆ ರೆಸ್ಯೂಮೆ ತಿದ್ದೋಕೆ ಕೂರುವ ನಾವು ಈ ಲೆಕ್ಕ ಯಾವತ್ತಾದರೂ ಕೇಳಿದ್ದೀವಾ?

ಇಷ್ಟನ್ನೂ ಅವನಿಗೆ ಹೇಳಿದೆ. "ಸೀರಿಯಸ್ಸಾಗಿ ತಗೋಬೇಡ ಮಗಾ" ಅಂದು ಮೊಸರನ್ನ ತರೋಕೆ ಎದ್ದ.