ಕತ್ತಲೆಯ ಲೆಕ್ಕ ಊರಿಗೂ ಸಿಗಲಿ
2023ರಲ್ಲಿ ಮಳೆ ಕೈಕೊಟ್ಟು ವಿದ್ಯುತ್ ಅಭಾವ ಬಿಗಡಾಯಿಸಿದಾಗ ರಾಜ್ಯ ಸರ್ಕಾರ ಅಕ್ಟೋಬರ್‌ನಲ್ಲಿ ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್ ಬಳಸಿ, ಖಾಸಗಿ ಉತ್ಪಾದಕರು ರಾಜ್ಯದ ಗ್ರಿಡ್‌ಗೇ ವಿದ್ಯುತ್ ಕೊಡಬೇಕೆಂದು ಆದೇಶಿಸಿತು. ಪಂಪ್‌ಸೆಟ್‌ಗಳಿಗೆ ಏಳರ ಬದಲು ಐದು ತಾಸು ತ್ರೀಫೇಸ್ ಎಂಬುದು ಆಗಿನ ಮಾತು. ಯಾದಗಿರಿ, ಶಹಾಪುರ, ಸುರಪುರದ ಯಾವ ಫೀಡರ್‌ಗೆ ನಿಜಕ್ಕೂ ಎಷ್ಟು ತಾಸು ಬಂತು? ಊರಿನವರ ಕೈಗೆ ಆ ಲೆಕ್ಕ ಸಿಗುವುದಿಲ್ಲ.

ಲೆಕ್ಕ ಕೊಡಬೇಕೆಂಬ ಕಾನೂನು ಇಲ್ಲದೆ ಇಲ್ಲ. ಅದೇ 2003ರ ವಿದ್ಯುತ್ ಕಾಯ್ದೆಯ 59ನೇ ಸೆಕ್ಷನ್ ಪ್ರಕಾರ, ಈ ಭಾಗಕ್ಕೆ ವಿದ್ಯುತ್ ಪೂರೈಸುವ ಜೆಸ್ಕಾಂನಂಥ ಕಂಪನಿಗಳು ತಮ್ಮ ಸೇವೆಯ ಮಟ್ಟವನ್ನೂ, ಸೇವೆ ತಪ್ಪಿದ್ದಕ್ಕೆ ಕೊಟ್ಟ ಪರಿಹಾರವನ್ನೂ ವಿದ್ಯುತ್ ನಿಯಂತ್ರಣ ಆಯೋಗಕ್ಕೆ ವರದಿ ಮಾಡಬೇಕು. ಆಯೋಗ ಅದನ್ನು ವರ್ಷಕ್ಕೊಮ್ಮೆಯಾದರೂ ಪ್ರಕಟಿಸಬೇಕು. ಆದರೆ ಇಡೀ ಕಂಪನಿಯ ಸರಾಸರಿಯಲ್ಲಿ ಕಲಬುರಗಿ ನಗರದ ಬೆಳಕೂ ಕಾಲುವೆ ತುದಿಯ ಹಳ್ಳಿಯ ಕತ್ತಲೆಯೂ ಒಂದೇ ಅಂಕಿಯಾಗಿಬಿಡುತ್ತವೆ.

ಜೆಸ್ಕಾಂ ಪ್ರತಿ ತಿಂಗಳೂ ಫೀಡರ್‌ವಾರು ತಾಸುಗಳನ್ನು ಶಾಖಾ ಕಚೇರಿ ಮತ್ತು ಗ್ರಾಮ ಪಂಚಾಯಿತಿಯ ಫಲಕದಲ್ಲಿ ಹಾಕಲಿ. ಅಭಾವವೆಂದು ತೆಗೆದ ಕರೆಂಟು ಬೇರೆ, ಟಿಸಿ (ಟ್ರಾನ್ಸ್‌ಫಾರ್ಮರ್) ಸುಟ್ಟು ಹೋದದ್ದು ಬೇರೆ. ಎರಡನ್ನೂ ಬೆರೆಸುವುದು ಬೇಡ. ಅಂಕಿ ಸುಳ್ಳಾದರೆ, ನಡುರಾತ್ರಿ ಎದ್ದು ಹೊಲಕ್ಕೆ ಹೋಗಿ ಮೋಟಾರು ಹಾಕಿದವರೇ ಬಂದು ತಿದ್ದುತ್ತಾರೆ.