ಮನೆವಾರ್ತೆ: ಕೊನೆಯ ಸಾಲಿನ ಮನೆಗಳು

ಕೂಡ್ಲಿಗಿ ಸೀಮೆಯ ಸೋದರಿಯೊಬ್ಬರು ನಮಗೊಂದು ಪ್ರಶ್ನೆಯನ್ನು ಬರೆದು ಕಳುಹಿಸಿರುವರು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2005-06ರ ವರದಿಯಲ್ಲಿ ದೇಶದ ಜನರಲ್ಲಿ ಐದರಲ್ಲೊಂದು ಪಾಲು ಕಡುಬಡವರು. 2019-21ರ ವರದಿಯಲ್ಲಿಯೂ ಅಷ್ಟೇ. ಹಾಗಾದರೆ ಇಷ್ಟು ವರ್ಷ ನಾವು ದುಡಿದುದೆಲ್ಲ ಎಲ್ಲಿಗೆ ಹೋಯಿತು, ಎಂಬುದು ಅವರ ಕೇಳಿಕೆ.

ಕೇಳಿಕೆಯೇನೋ ನ್ಯಾಯವಾದುದೇ, ಆದರೆ ಆ ಅಂಕಿಯನ್ನು ಓದುವ ಬಗೆ ಬೇರೆ. ಸಮೀಕ್ಷೆಯವರು ಮನೆಯ ಸಿರಿತನವನ್ನು ವರಮಾನದಿಂದ ಅಳೆಯುವುದಿಲ್ಲ. ಮಳೆಯನ್ನೇ ನಂಬಿದ ಹೊಲದವರು ತಿಂಗಳ ವರಮಾನವನ್ನು ಹೇಳುವುದಾದರೂ ಹೇಗೆ! ನೆಲವು ಸಗಣಿ ಸಾರಿಸಿದುದೋ ಕಡಪಕಲ್ಲಿನದೋ, ಕುಡಿಯುವ ನೀರು ಎಲ್ಲಿಯದು, ಶೌಚಗೃಹವುಂಟೇ, ಒಲೆಗೆ ಸೌದೆಯೋ ಗ್ಯಾಸೋ, ಫ್ಯಾನು, ಸೈಕಲ್ಲು, ಟೆಲಿವಿಷನ್ನುಗಳುಂಟೇ ಎಂದು ವಿಚಾರಿಸಿ, ಒಂದೊಂದಕ್ಕೂ ತೂಕ ಕಟ್ಟಿ, ಮನೆಗೊಂದು ಅಂಕವನ್ನು ಕೊಡುವರು. ಬಳಿಕ ದೇಶದ ಜನರನ್ನು ಆ ಅಂಕದ ಕ್ರಮದಲ್ಲಿ ನಿಲ್ಲಿಸಿ ಐದು ಸಮಪಾಲು ಮಾಡುವರು. ಶಾಲೆಯ ಮಕ್ಕಳನ್ನು ಎತ್ತರಕ್ಕೆ ತಕ್ಕಂತೆ ಸಾಲಾಗಿ ನಿಲ್ಲಿಸಿದರೆ, ಎಲ್ಲರೂ ಎರಡಂಗುಲ ಬೆಳೆದರೂ ಕೊನೆಯವನು ಕೊನೆಯವನೇ ಅಲ್ಲವೆ? ಹಾಗೆಯೇ ಕೆಳಗಿನ ಪಾಲು ಯಾವ ಕಾಲಕ್ಕೂ ನೂರಕ್ಕೆ 20 ಆಗಿಯೇ ಇರತಕ್ಕದ್ದು.

ಬೆಳೆದುದನ್ನು ನೋಡಬೇಕಾದರೆ ಪಾಲನ್ನು ಬಿಟ್ಟು ವಸ್ತುವನ್ನೇ ನೋಡಬೇಕು. ಶುದ್ಧ ಇಂಧನದಿಂದ ಅಡಿಗೆ ಮಾಡುವ ಮನೆಗಳು 2015-16ರಲ್ಲಿ ದೇಶದಲ್ಲಿ ನೂರಕ್ಕೆ 43.8 ಇದ್ದವು, 2019-21ರಲ್ಲಿ 58.6 ಆದವು. ಹೊಗೆಯಲ್ಲಿ ಕಣ್ಣೊರಸಿಕೊಂಡವರಿಗೆ ಈ ಅಂತರದ ಬೆಲೆಯನ್ನು ನಾವು ಹೇಳಬೇಕಾಗಿಲ್ಲ.

ಇದಕ್ಕೆ ವಿರುದ್ಧವಾದ ತಪ್ಪು ಇನ್ನೂ ಕೆಟ್ಟುದು. ಸಾಲು ಇಡೀ ದೇಶದ್ದಾದುದರಿಂದ, ನಮ್ಮ ನಾಡಿನ ಮನೆಗಳು ಇದ್ದಂತೆಯೇ ಇದ್ದು ಬೇರೆ ಪ್ರಾಂತದವು ಹಿಂದೆ ಬಿದ್ದರೂ, ಕಾಗದದ ಮೇಲೆ ನಾವು ಮೇಲೇರಿದಂತೆ ಕಾಣುವೆವು. ಅದನ್ನು ನಂಬಿದ ಅಧಿಕಾರಿಯು ಬಾಣಂತಿಯರ, ಎಳೆಯ ಮಕ್ಕಳ ಆಹಾರದ ಖರ್ಚಿನಲ್ಲಿ ಕೈ ಬಿಗಿಹಿಡಿದರೆ ಗತಿಯೇನು? ಆದಕಾರಣ ಬಲ್ಲವರು ಎರಡು ಕಾಲದ ಸಮೀಕ್ಷೆಗಳಲ್ಲಿಯೂ ಇರುವ ವಸ್ತುಗಳನ್ನೇ ಆರಿಸಿ, ಎರಡಕ್ಕೂ ಒಂದೇ ತೂಕವನ್ನಿಟ್ಟು ಹೋಲಿಸುವರು. ಸೇರನ್ನು ಬದಲಿಸಿ ಜೋಳ ಅಳೆದು, ರಾಶಿ ಹೆಚ್ಚಿತೆಂದರೆ ಯಾರು ಒಪ್ಪುವರು?

ಸೋದರಿಯ ಸೀಮೆಗೆ ಮತ್ತೊಂದು ತೊಡಕೂ ಉಂಟು. ಈ ಸಮೀಕ್ಷೆಯಲ್ಲಿ ಜಿಲ್ಲೆಯ ಅಂಕಿಗಳು ದೊರೆತುದೇ 2015-16ರಿಂದ, ತಾಲ್ಲೂಕಿನವು ಇಲ್ಲ. ಆಗ ಕೂಡ್ಲಿಗಿ, ಅದರೊಳಗೇ ಇದ್ದ ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿಗಳು ಬಳ್ಳಾರಿ ಜಿಲ್ಲೆಯಲ್ಲಿದ್ದುವು; ಹರಪನಹಳ್ಳಿಯು 1997ರಿಂದ ದಾವಣಗೆರೆಯಲ್ಲಿತ್ತು. 2021ರಲ್ಲಿ ಐದೂ ಹೊಸ ವಿಜಯನಗರ ಜಿಲ್ಲೆಗೆ ಸೇರಿದುವು. ಹಳೆಯ ಬಳ್ಳಾರಿಯ ಸರಾಸರಿಯಲ್ಲಿ ಸಂಡೂರಿನ ಗಣಿಯೂ ಬಳ್ಳಾರಿ ಪಟ್ಟಣವೂ ಕೂಡ್ಲಿಗಿಯ ಬೆದ್ದಲು ಹೊಲವೂ ಒಂದೇ ಮೊರದಲ್ಲಿ ಬೆರೆತಿವೆ. ಅದನ್ನು ಮುಂದೆ ವಿಜಯನಗರದ ಸರಾಸರಿಯೊಡನೆ ಹೋಲಿಸುವವರು ಮೊದಲು ಎಲ್ಲೆಯನ್ನು ನೋಡಿಕೊಳ್ಳಲಿ.

ಸೋದರಿಯು ತಮ್ಮ ಓಣಿಯ ಮನೆಗಳಿಗೆ ನಲ್ಲಿ, ಶೌಚಗೃಹ, ಗ್ಯಾಸುಗಳು ಯಾವ ವರ್ಷ ಬಂದುವು, ಯಾರಿಗೆ ಇನ್ನೂ ಬಂದಿಲ್ಲ ಎಂಬುದನ್ನು ಹೆಸರುಗಳಿಲ್ಲದೆ ಬರೆದು ಕಳುಹಿಸಿದರೆ, ಮುಂದಿನ ತಿಂಗಳು ಇದೇ ಪುಟದಲ್ಲಿ ವಿಚಾರಿಸುವೆವು.